ಆಣೆ ಆದ ಮೇಲಿನ ಕಣ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅಂದು ಮಾವ ಉಟ್ಟಿದ್ದ ಪಂಚೆ ಪೂರ್ತಿ ಒದ್ದೆಯಾಗಿತ್ತು ಎಂದು ನನ್ನ ನೆನಪು. ಇಲ್ಲ, ತಲೆಗೆ ಮಾತ್ರ ನೀರು ಹುಯ್ದುಕೊಂಡಿದ್ದ ಎನ್ನುತ್ತಾಳೆ ಅಮ್ಮ. ಇಬ್ಬರೂ ಅಲ್ಲೇ ನಿಂತಿದ್ದವರು.

ಮಾವ ಅಮ್ಮನ ತಮ್ಮ. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಪಂಚಾಯಿತಿ ಸದಸ್ಯ. ಊರೊಟ್ಟಿನ ಕಣವನ್ನು ಬಡಾವಣೆ ಮಾಡುವವರಿಗೆ ಬಿಟ್ಟುಕೊಡಲು ಕೆಲವು ಸದಸ್ಯರು ಶ್ರೀರಂಗಪಟ್ಟಣದ ಪಕ್ಕ, ಬಾಬುರಾಯನಕೊಪ್ಪಲಿನ ಹತ್ತಿರದ ಹೋಟೆಲಿನ ಕೋಣೆಯೊಂದರಲ್ಲಿ ಕೂತು ಒಪ್ಪಿಕೊಂಡರು, ಮಾವನೂ ಅಲ್ಲಿದ್ದ ಎಂಬುದು ಆರೋಪ. ಒಕ್ಕಣೆ ಕಣ ಬಿಟ್ಟು ಟಾರು ರಸ್ತೆಗೆ ಹೋಗಿ ವರ್ಷಗಳಾದವು, ನಿಜ. ಆದರೆ ಹಿತ್ತಲಿಲ್ಲದ ಮನೆಯವರು ಹಸು ಕಟ್ಟುವುದು, ಹುಲ್ಲಿನ ಮೆದೆ ಹಾಕುವುದು ಇವತ್ತಿಗೂ ಅಲ್ಲೇ. ಅಮ್ಮನ ಸೀಮೆಹಸುಗಳಿಗೂ ಬೇರೆ ಜಾಗವಿಲ್ಲ.

ಗ್ರಾಮಸಭೆ ಕರೆದು ಸದಸ್ಯರನ್ನು ಕೇಳಬೇಕೆಂದು ಊರವರು ಅರ್ಜಿ ಕೊಟ್ಟರು. ನಾಗಮಂಗಲದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವಳು ಎಂದು ಅದನ್ನು ಬರೆಯುವ ಕೆಲಸ ನನಗೇ ಬಂತು. ಸಭೆಯಲ್ಲಿ ಯಾರೂ ಬಾಯಿ ತೆರೆಯುವ ಮೊದಲೇ ಮಾವ ಎದ್ದು ನಿಂತ.

"ಸಭೆ ಗಿಭೆ ಯಾಕ್ರಪ್ಪ? ಊರಮ್ಮನ ಗುಡಿ ಇಲ್ಲೇ ಐತಲ್ಲ. ಆಣೆ ಮಾಡ್ತೀನಿ, ಬನ್ನಿ."

ಶಾಮಿಯಾನ ಖಾಲಿಯಾಯಿತು. ಸಭೆ ನಡೆಸಲು ಬಂದಿದ್ದ ಅಧಿಕಾರಿಯೂ ಗುಡಿಯ ಮುಂದೆ ಚಪ್ಪಲಿ ಬಿಟ್ಟರು. ಮಾವ ನಲ್ಲಿಯಲ್ಲಿ ನೀರು ಹುಯ್ದುಕೊಂಡು ಬಂದು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿದ. "ಯಾರ ಕೈಯಿಂದ್ಲೂ ಏನೂ ಈಸ್ಕೊಂಡಿಲ್ಲ. ಈಸ್ಕೊಂಡಿದ್ರೆ ನನ್ ಮನೆ ದೀಪ ಆರೋಗ್ಲಿ."

"ಅದ್ಯಾಕ್ಲಾ ಅಷ್ಟು ಬಿರ್ರನೆ ಆರುಸ್ಬುಟ್ಟೆ? ಕೈ ಸುಡ್ತದೆ ಅಂತಾನಾ?" ಎಂದು ಹಿಂದಿನಿಂದ ಒಬ್ಬ ಮುದುಕ ಕೆಣಕಿದ. ಜನ ನಕ್ಕರು.

"ಲೇ, ಬುಡ್ಲಾ ಅತ್ಲಾಗೆ. ದೇವ್ರ ಮುಂದೇನೇ ಆಯ್ತಲ್ಲ" ಎಂದ ಪಕ್ಕದವನು.

ಸಭೆ ಇನ್ನೂ ಬಾಕಿಯಿದೆ ಎಂದೆ ನಾನು. ಕಣದಲ್ಲಿ ನಮ್ಮ ಮೆದೆಯ ಪಕ್ಕವೇ ಮೆದೆ ಹಾಕುವ ಹೆಂಗಸು ನನ್ನ ತೋಳು ಹಿಡಿದಳು. "ಆಣೆ ಆದ್ಮೇಲೂ ಕೇಳುದ್ರೆ ಅಮ್ಮನ್ನೇ ನಂಬ್ನಿಲ್ಲ ಅಂದಂಗೆ ಕಣವ್ವ. ಓದ್ದೋಳ್ಗೆ ಅಷ್ಟೂ ಗೊತ್ತಾಗಲ್ವಾ?"

ನಾನು ಅರ್ಜಿಯ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಕೇಳುವುದು ತಪ್ಪಿತಲ್ಲ ಎಂದು ಒಳಗೊಳಗೇ ನಿರಾಳವಾಯಿತೇ? ಇರಬಹುದು. ಆಮೇಲೆ ನಾನೇ ಸೇರಿಸಿಕೊಂಡ ನೆನಪೂ ಇರಬಹುದು. ಬೇರೆ ಊರುಗಳಲ್ಲಿ ದೊಡ್ಡ ನಾಯಕರೂ ಹೀಗೇ ಗುಡಿಯ ಮೆಟ್ಟಿಲೇರಿ ಇಳಿಯುವುದನ್ನು ಟಿವಿಯಲ್ಲಿ ನೋಡುತ್ತೇನೆ. ಪ್ರತಿನಿಧಿ ಜನಕ್ಕೆ ಉತ್ತರ ಹೇಳಬೇಕು ಎಂದು ತರಗತಿಯಲ್ಲಿ ಪಾಠ ಮಾಡಿ ಬರುವ ಸಂಜೆ ಗುಡಿಯ ಮುಂದಿನ ದಾರಿ ಬಿಟ್ಟು ಸುತ್ತಿಕೊಂಡು ಮನೆಗೆ ಹೋಗುತ್ತೇನೆ.

ಕೆಲವು ವಾರಗಳಲ್ಲಿ ಬಡಾವಣೆಯವರು ಕಣದ ಅಂಚಿಗೆ ಗಡಿಕಲ್ಲು ನೆಟ್ಟರು. ಅಮ್ಮ ಮೆದೆ ಕೀಳುತ್ತಾ, "ಅವ್ನೇನೂ ಈಸ್ಕೊಂಡಿಲ್ವಲ್ಲ, ಬುಡು" ಎಂದಳು. ಒಂದು ಹಸುವನ್ನು ಮಾರಲು ಮಾತಾಡಿದ್ದಾಳೆ. ತಮ್ಮನ ಮೇಲೆ ಅವಳಿಗೆ ಕೋಪವಿಲ್ಲ.

ಮಾವನನ್ನು ಹುಡುಕಿಕೊಂಡು ಡೈರಿಗೆ ಹೋದೆ. ಹಾಲು ಹಾಕುವವರೆಲ್ಲ ಹೋಗುವ ತನಕ ಕಾದೆ. ಆಮೇಲೆ ಕೇಳಿದೆ.

"ಮಾವ, ನೀನು ಏನೂ ಈಸ್ಕೊಂಡಿಲ್ಲ, ನಂಬ್ತೀನಿ. ಆ ಕೋಣೇಲಿ ಕಣ ಬಿಟ್ಕೊಡೋಣ ಅಂದಾಗ ನೀನು ಏನಂದೆ?"