ಗುಡ್ಡೆಗೆ ಕಟ್ಟಿದ ಸೊಪ್ಪು

ಮೊನ್ನೆ ಮೂಡುಬಿದಿರೆ ಪೇಟೆಯಲ್ಲಿ ನಡೆಯುತ್ತಿದ್ದಾಗ ಅಂಗಡಿಯೊಂದರಿಂದ ಒಣಗಿದ ಪುನರ್ಪುಳಿ ಸಿಪ್ಪೆಯ ಹುಳಿವಾಸನೆ ಬಂತು. ಕೊಳ್ಳುವ ಕೆಲಸವಿರಲಿಲ್ಲ, ಆದರೂ ನಿಂತುಬಿಟ್ಟೆ. ನಿಮಗೂ ಹೀಗಾಗುತ್ತದೋ ಏನೋ, ಕೆಲವು ವಾಸನೆಗಳು ಮೇಷ್ಟ್ರ ಹಾಗೆ ಕಿವಿ ಹಿಂಡಿ ಎಳೆದುಕೊಂಡು ಹೋಗುತ್ತವೆ.

ಅರವತ್ತರ ದಶಕದ ಆರಂಭ. ನಾನು ಹೈಸ್ಕೂಲು ಮುಗಿಸಿ ಪಾಣೆಮಂಗಳೂರಿನ ಒಬ್ಬ ಸೌದೆ ಗುತ್ತಿಗೆದಾರರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಹಂಚಿನ ಕಾರ್ಖಾನೆಗಳ ಒಲೆಗೆ ಎಷ್ಟು ಸೌದೆ ಹಾಕಿದರೂ ಸಾಲದ ಕಾಲ. ಕಿಸೆಯಲ್ಲಿ ಪೆನ್ನು, ಕಾಲಲ್ಲಿ ಚಪ್ಪಲಿ. ಊರಿಗೆ ಹೋದರೆ ಚಪ್ಪಲಿಯ ಸದ್ದು ಎಲ್ಲರಿಗೂ ಕೇಳಲೆಂದೇ ಜೋರಾಗಿ ನಡೆಯುತ್ತಿದ್ದೆ.

ನಮ್ಮೂರು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಅಲ್ಲಿನ ಗುಡ್ಡೆಯನ್ನು ಗುತ್ತಿಗೆದಾರರಿಗೆ ತೋರಿಸಿದವನು ನಾನೇ. ಅದರ ಒಡೆಯರಾದ ದನಿಗಳು ಮರ ಕೊಡಲು ಒಪ್ಪಿದರು. ಗುಡ್ಡೆ ಅವರದು, ಬದುಕು ಮಾತ್ರ ಊರಿನದು: ಗದ್ದೆಗೆ ಸೊಪ್ಪು, ಮನೆಯ ಮಾಡಿಗೆ ಮುಳಿಹುಲ್ಲು, ಹೆಂಗಸರಿಗೆ ಮಾರಲು ಪುನರ್ಪುಳಿ, ಸೀಗೆ. ಬುಡದ ತೋಡಿನಲ್ಲಿ ಬೇಸಿಗೆಯಲ್ಲೂ ನೀರು. ನನ್ನ ತಾಯಿ ನನ್ನನ್ನು ಓದಿಸಿದ್ದೂ ಆ ಗುಡ್ಡೆಯ ಸೀಗೆ ಮಾರಿಯೇ. ಎಲ್ಲ ಗೊತ್ತಿದ್ದೇ ಮಾಡಿದೆ. ಅದಕ್ಕೇ ಇಂದು ಹೇಳಿಕೊಳ್ಳುತ್ತಿರುವುದು.

ಕಡಿಯುವ ದಿನ ಆಳುಗಳೊಂದಿಗೆ ಹೋದರೆ, ಗುಡ್ಡೆ ಹತ್ತುವ ದಾರಿಗೆ ಅಡ್ಡವಾಗಿ ಬಳ್ಳಿ ಕಟ್ಟಿ ನಡುವೆ ಹಸಿಸೊಪ್ಪಿನ ಸೂಡಿ ತೂಗಿಸಿದ್ದರು. ಹಾಗೆ ಸೊಪ್ಪು ಕಟ್ಟಿದಲ್ಲಿ ದಾಟಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ತಕರಾರಿನ ಗದ್ದೆಗೆ ದನಿಗಳು ಕಟ್ಟಿಸುತ್ತಿದ್ದರು. ಅವರೇ ಬಿಚ್ಚಿಸುವ ತನಕ ಒಕ್ಕಲಿನವರು ಒಂದು ತೆನೆ ಮುಟ್ಟುತ್ತಿರಲಿಲ್ಲ. ಒಕ್ಕಲಿನವರೇ ಕಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಕ್ಕದಲ್ಲಿ ನಮ್ಮ ನೆರೆಮನೆಯ ಗಿರಿಜಕ್ಕ ಊರ ಹೆಂಗಸರನ್ನು ಸೇರಿಸಿಕೊಂಡು ಎಲೆಅಡಿಕೆ ಜಗಿಯುತ್ತ ಕೂತಿದ್ದರು.

"ಓಹೋ, ರೈಟರು ಬಂದ್ರು! ಚಪ್ಪಲಿ ಉಂಟಲ್ಲ, ದಾಟಿ ನೋಡುವ."

ನನಗೆ ಸಿಟ್ಟು ನೆತ್ತಿಗೇರಿತು. ಸೂಡಿಯನ್ನು ಕಿತ್ತು ಪೊದೆಗೆ ಎಸೆದೆ. ಆಳುಗಳು ಕೊಡಲಿ ಕೆಳಗಿಟ್ಟರು.

"ಬಿಚ್ಚಿದ್ದು ನೀನು. ಕಡಿಯುವುದೂ ನೀನೇ ಕಡಿ ಮಾರಾಯ," ಅಂದ ಅವರಲ್ಲಿ ಹಿರಿಯ.

ಕಡಿದೆ! ಗಟ್ಟಿ ಜಾತಿಯ ಮರುವದ ಮರಕ್ಕೆ ಒಂದು ಗೀರು, ನನ್ನ ಅಂಗೈಗೆ ಬೊಕ್ಕೆ.

"ಪೆನ್ನಲ್ಲಿ ಕಡಿ, ಬೇಗ ಆದೀತು," ಎಂದು ಹೆಂಗಸರ ನಡುವಿನಿಂದ ಯಾರೋ ಕೂಗಿದರು.

ಓಡಿಹೋಗಿ ದನಿಗಳನ್ನು ಕರೆತಂದೆ. ಅವರು ಬೋಳು ಬಳ್ಳಿಯನ್ನು ನೋಡಿ, "ಯಾರು ಕಟ್ಟಿದ್ದು?" ಎಂದರು.

"ನಾವು." ಗಿರಿಜಕ್ಕ ಎದ್ದು ನಿಂತರು. "ನೀವು ಕಟ್ಟಿದ್ದನ್ನು ನಾವು ಇಷ್ಟರವರೆಗೆ ದಾಟಿದ್ದುಂಟಾ ದನಿಗಳೇ?"

"ಇಲ್ಲ."

"ಇವತ್ತು ಇದನ್ನು ನೀವು ದಾಟಿ. ನಾಳೆಯಿಂದ ನಿಮ್ಮದನ್ನು ನಾವೂ ದಾಟ್ತೇವೆ."

ದನಿಗಳು ಕೆಳಗಿನ ಗದ್ದೆಗಳ ಕಡೆ ನೋಡಿದರು. ಆಮೇಲೆ ನನ್ನತ್ತ ತಿರುಗಿದರು. "ಬಿಚ್ಚಿದ್ದು ನೀನಾ? ಹೆಕ್ಕಿ ತಾ. ಇದ್ದಲ್ಲಿಗೇ ಕಟ್ಟು."

ಪೊದೆಯೊಳಗೆ ನುಗ್ಗಿ ಹೆಕ್ಕಿ ತಂದು, ಬೊಕ್ಕೆ ಬಂದ ಕೈಯಲ್ಲಿ ಗಂಟು ಹಾಕಿದೆ. ಹೆಂಗಸರು ಹಾಕಿದ ಕೇಕೆಗೆ ಗುಡ್ಡೆಯ ಹಕ್ಕಿಗಳೆಲ್ಲ ಎದ್ದವು.

ಗುತ್ತಿಗೆದಾರರು ನಮ್ಮ ಗುಡ್ಡೆ ಬಿಟ್ಟು ತೋಡಿನಾಚೆಯ ಊರಿನ ಗುಡ್ಡೆ ಹಿಡಿದರು. ಅಲ್ಲಿ ಲಾರಿಗಳೇನು, ಹೊಸ ಚಹಾದಂಗಡಿಯೇನು! "ನೋಡಿ, ಆ ಊರು ಹೇಗೆ ಎದ್ದಿತು," ಎಂದು ನಾನು ಗಿರಿಜಕ್ಕನನ್ನು ಹಂಗಿಸಿದ್ದೂ ಉಂಟು. "ನೋಡುವ," ಅಂದರು, ಅಷ್ಟೇ. ಮರ ಮುಗಿಯಿತು. ಲಾರಿ ನಿಂತಿತು, ಚಹಾದಂಗಡಿ ಮುಚ್ಚಿತು, ಅಲ್ಲಿನ ಒರತೆ ಬತ್ತಿ ಎರಡನೆಯ ಬೆಳೆ ಹೋಯಿತು. ನನ್ನ ಕೆಲಸವೂ ಹೋಯಿತು.

ನಮ್ಮೂರಿನ ಗದ್ದೆಗಳು ಮಾತ್ರ ಬೇಸಿಗೆಯಲ್ಲೂ ಹಸುರಾಗಿದ್ದವು. ಪಾಣೆಮಂಗಳೂರಿನ ವ್ಯಾಪಾರಿ ಇದ್ದಿನಬ್ಬಾಕ ಮಳೆ ಹಿಡಿಯುವ ಮುಂಚೆ ಗಾಡಿ ತಂದು ಪುನರ್ಪುಳಿ, ಸೀಗೆ ಕೊಳ್ಳುತ್ತಿದ್ದರು. ಮುಳಿಹುಲ್ಲಿಗಂತೂ ಗುಡ್ಡೆ ಬೋಳಾದ ಊರಿನವರೇ ಬಂದು ಕಾಯುತ್ತಿದ್ದರು. ಆ ಗಾಡಿಯಲ್ಲಿ ನನಗೆ ಕೆಲಸ ಕೊಡಿಸಿದ್ದು ಯಾರು ಗೊತ್ತೇ? ಗಿರಿಜಕ್ಕ! "ಓದಿದ ಹುಡುಗ ಇದ್ದಿನಬ್ಬಾಕ, ಮೂಟೆ ಹೊತ್ತಾನು," ಎಂಬುದು ಅವರ ಶಿಫಾರಸು. ಹೊತ್ತೆ. ಆ ಗುಡ್ಡೆಯ ಅನ್ನ ಎರಡನೆಯ ಸಲ ಉಂಡೆ. ಆದರೆ ಗಿರಿಜಕ್ಕ ಬದುಕಿರುವಷ್ಟು ದಿನ, ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಮೊನ್ನೆ ಅಂಗಡಿಯ ಮುಂದಿನಿಂದ ಮನೆಗೆ ಹೋಗದೆ ಊರಿನ ಬಸ್ಸು ಹತ್ತಿದೆ. ಏದುಸಿರು ಬಿಡುತ್ತ ಗುಡ್ಡೆ ಏರಿದರೆ, ನೆರಳಿನಲ್ಲಿ ಹೆಂಗಸರು ಹಣ್ಣು ಹೆಕ್ಕುತ್ತಿದ್ದರು.

"ಯಾರಜ್ಜ ನೀವು?" ಎಂದಳು ಒಬ್ಬಳು.

"ಈ ಗುಡ್ಡೆಯನ್ನು ಕಡಿಯಲಿಕ್ಕೆ ಬಂದವ."

ಅವಳು ಮೇಲೆ ಕವಿದಿದ್ದ ಮರಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನಕ್ಕಳು. "ಮತ್ತೆ? ಆಯಿತಾ?"

"ಇಲ್ಲ," ಅಂದೆ. ಸೋತೆನೆಂದು ಅಷ್ಟು ಸಂತೋಷದಿಂದ ನಾನು ಹಿಂದೆಂದೂ ಒಪ್ಪಿಕೊಂಡಿರಲಿಲ್ಲ.