ಬೋಲ್ಟು ಬಿಚ್ಚಿ ಕಟ್ಟಿದ ದವಾಖಾನಿ

ಹೋದ ವಾರ ಭಾಲ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಗ್ಯಾರೇಜಿನಲ್ಲಿ ಯಾರೋ ಗ್ರೀಸ್ ಡಬ್ಬಿ ತೆರೆದಿದ್ದರು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಆಪಾ ನೆನಪಾದರು. ದುಪಟ್ಟಾದ ಅಂಚಿಗೆ ಕರೀ ಗ್ರೀಸ್ ಮೆತ್ತಿಕೊಂಡು, ಬಿಸಿಲಲ್ಲಿ ಬೋಲ್ಟು ತಿರುಗಿಸುವ ಪಾನಾ ಹಿಡಿದು ನಿಂತಿದ್ದ ಆಪಾ...

ಬೀದರಿನಲ್ಲಿ ನಮ್ಮ ಗೋಡೆಗೆ ಹತ್ತಿಕೊಂಡೇ ಅವರ ಮನೆ. ಡಿಪ್ಲೊಮಾ ಮಕ್ಕಳಿಗೆ ಕಟ್ಟಡದ ಪಾಠ ಹೇಳುತ್ತಿದ್ದರು. ಓಣಿಗೆಲ್ಲ ಅಕ್ಕ, ಅಂದರೆ ಆಪಾ; ನನಗೂ ಆಪಾ. ನಾನಾಗ ಔರಾದ್ ಕಡೆಯ ಒಂದು ಹಳ್ಳಿಯಲ್ಲಿ ನರ್ಸ್. ಅಲ್ಲೊಂದು ಸಣ್ಣ ದವಾಖಾನೆ ಕಟ್ಟಿಸಲು ಒಂದು ಟ್ರಸ್ಟಿನವರು ಬಂದಾಗ ನಕ್ಷೆ ಮಾಡಿಕೊಟ್ಟವರು ಇವರೇ.

ಆ ನಕ್ಷೆ ನೋಡಿ ಎಲ್ಲರೂ ನಕ್ಕಿದ್ದರು. ಕಂಬ, ತೊಲೆ, ಛತ್ತಿನ ಹಲಗೆ, ಎಲ್ಲವನ್ನೂ ಬಗದಲ್ ಹತ್ತಿರದ ಬಯಲಲ್ಲಿ ಬೇರೆ ಬೇರೆಯಾಗಿ ಕಾಂಕ್ರೀಟಿನಲ್ಲಿ ಎರಕ ಹೊಯ್ದು ತಂದು ಬೋಲ್ಟಿನಿಂದ ಜೋಡಿಸುವುದು. ಬೋಲ್ಟಿಗೆ ಗ್ರೀಸ್ ಹಚ್ಚಿ ಮೇಲೊಂದು ಮುಚ್ಚಳ. ಇಟ್ಟಿಗೆಗೆ ಸಿಮೆಂಟ್ ಬೇಡ, ಸುಣ್ಣದ ಗಾರೆ. ಬಿಡಿಸಿದರೆ ಇಟ್ಟಿಗೆ ಇಡಿಯಾಗಿ ಬರಬೇಕು.

“ಕಟ್ಟೂಕಿಂತ ಮೊದಲೇ ಬಿಚ್ಚೂ ಮಾತ್ಯಾಕ್ರಿ ಆಪಾ?” ಎಂದು ಕೇಳಿದ್ದೆ.

“ಹಳೀ ಮನಿ ಕೆಡವಿದ್ರ ಕಲ್ಲು, ಬಾಗಿಲಾ, ತೊಲಿ ಎಲ್ಲಾ ಇನ್ನೊಂದ್ ಮನಿಗಿ ಹೋಗ್ತಿದ್ವು ಬೇಟಿ. ಸಿಮೆಂಟಿನ ಮನಿ ಕೆಡವಿದ್ರ ಬರೇ ಮಲಬಾ, ಒಡದ ಚೂರು. ರಸ್ತೇದ ಬಾಜೂಕ ಒಗದು ಬರೂದು, ಅಷ್ಟ.”

ಕೆಲವು ವರ್ಷ ಕಳೆದವು. ರಸ್ತೆ ಅಗಲ ಮಾಡುವ ಕೆಲಸ ಬಂತು. ದವಾಖಾನೆ ನಿಂತಿದ್ದ ಜಾಗ ರಸ್ತೆಗೆ ಹೋಯಿತು. ಒಂದೇ ಮುಂಜಾನೆಯಲ್ಲಿ ಜೆಸಿಬಿ ಹಚ್ಚಿ ಕೆಡವುತ್ತೇವೆ ಎಂದರು. ಹೊಸದು ಕಟ್ಟುವ ಶಕ್ತಿ ಟ್ರಸ್ಟಿಗೆ ಇರಲಿಲ್ಲ. ಕೆಡವಿದರೆ ಆ ಊರಿಗೆ ದವಾಖಾನೆಯೇ ಇಲ್ಲ... ನಾನು ಅಳುತ್ತ ಫೋನ್ ಮಾಡಿದೆ. ಆಪಾ ಮರುದಿನವೇ ಔರಾದ್ ಬಸ್ಸು ಹತ್ತಿ ಬಂದರು. ಆಗಲೇ ಅವರಿಗೆ ಉಬ್ಬಸ. ನಾಲ್ಕು ಮಾತಾಡಿದರೆ ಏದುಸಿರು. ಆದರೂ ಅಧಿಕಾರಿಗಳ ಮುಂದೆ ಕೂತು, ಬಿಚ್ಚಿ ಒಯ್ಯಲು ಗಡುವು ಕೇಳಿ ಪಡೆದೇ ಎದ್ದರು. ಊರವರು ಶಾಲೆಯ ಹಿಂದೆ ಜಾಗ ಕೊಟ್ಟರು.

ಒಂಬತ್ತು ತಿಂಗಳು ತುಂಬುತ್ತಿದ್ದ ಬಸುರಿಯೊಬ್ಬಳು ಬಂದು, “ನಾ ಹಡಿಯೂದು ಎಲ್ಲಿ ಸಿಸ್ಟರ್?” ಅಂದಳು. ನಾನು ಬಾಯಿ ತೆರೆಯುವ ಮೊದಲೇ ಆಪಾ, “ಇದೇ ದವಾಖಾನ್ಯಾಗ” ಅಂದುಬಿಟ್ಟರು.

ಬೋಲ್ಟುಗಳು ಸಲೀಸಾಗಿ ತಿರುಗಿದವು. ಛತ್ತಿನ ಹಲಗೆಗಳು ಒಂದೊಂದಾಗಿ ಕ್ರೇನಿನಲ್ಲಿ ಇಳಿದವು. ಆದರೆ ಒಂದು ತೊಲೆ ಮಾತ್ರ ಕದಲಲಿಲ್ಲ. ಕಟ್ಟುವಾಗ ಯಾರೋ, ಗಟ್ಟಿಯಾಗಲಿ ಎಂದು, ಆ ಸಂದಿಗೆ ಸಿಮೆಂಟ್ ಸುರಿದಿದ್ದರು. ಎತ್ತುವಾಗ ತೊಲೆ ನಡುವೆ ಸೀಳಿ ನೆಲಕ್ಕೆ ಬಿತ್ತು. ಜೆಸಿಬಿ ತರಿಸುವುದೇ ಮೇಲು ಎಂದು ಟ್ರಸ್ಟಿನ ಹಿರಿಯರೊಬ್ಬರು ಗೊಣಗಿದರು.

ಆಪಾ ಕಟ್ಟೆಯ ಮೇಲೆ ಕೂತು ಉಸಿರು ಹಿಡಿದುಕೊಂಡರು. ಆಮೇಲೆ ಎದ್ದು ಹೇಳಿದರು: “ಒಂದ್ ಒಡೀತಂತ ಎಲ್ಲಾ ಒಡೀಬೇಕೇನ್ರಿ? ಇದೊಂದು ಹೊಸಾದು ಎರಕಾ ಹೊಯ್ಯೂಣು. ಕೆಲಸಾ ನಡೀಲಿ.”

ನಡೆಯಿತು. ಆದರೆ ಹೊಸ ತೊಲೆ ಹದವಾಗುವಷ್ಟರಲ್ಲಿ ಆ ಬಸುರಿಗೆ ನೋವು ಶುರುವಾಗಿ, ಶಾಲೆಯ ಕೋಣೆಯಲ್ಲೇ ಹೆರಿಗೆ ಮಾಡಿಸಿದೆ. ಕೊಟ್ಟ ಮಾತು ತಪ್ಪಿತೆಂದು ಆಪಾ ಬಹಳ ನೊಂದುಕೊಂಡರು. ಕೂಸಿಗೆ ಒಂದೂವರೆ ತಿಂಗಳ ಇಂಜೆಕ್ಷನ್ ಮಾತ್ರ, ಶಾಲೆಯ ಹಿಂದೆ ಮತ್ತೆ ಜೋಡಿಸಿದ ಅದೇ ಕಂಬಗಳ ನಡುವೆ, ಅದೇ ಛತ್ತಿನ ಕೆಳಗೆ ಕೊಟ್ಟೆ. ಅಂದು ಆಪಾ ಬಂದಿದ್ದರು. ಕೂಸು ಚೀರಿತು, ಆಪಾ ನಕ್ಕರು...

ಮುಂದಿನ ಚಳಿಗಾಲ ಅವರು ದಾಟಲಿಲ್ಲ.

ನಾನೀಗ ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿದ್ದೇನೆ. ನಾವಿಲ್ಲಿ ಹೊಸ ಹೆರಿಗೆ ವಾರ್ಡ್ ಕಟ್ಟಬೇಕೆಂದಿದ್ದೇವೆ. ನಕ್ಷೆ ತಂದ ಎಂಜಿನಿಯರಿಗೆ ಆ ದವಾಖಾನೆಯ ಕಥೆ ಹೇಳಿ, ಇದನ್ನೂ ಹಾಗೇ ಬಿಚ್ಚಲು ಬರುವಂತೆ ಕಟ್ಟಬಹುದೇ ಎಂದು ಕೇಳಿದೆ. ಮೊದಲು ನಂಬಲಿಲ್ಲ, ಆಮೇಲೆ ನೋಡೋಣ ಅಂದರು. ಸೋಮವಾರ ಆ ದವಾಖಾನೆ ತೋರಿಸಲು ಅವರನ್ನು ಕರೆದುಕೊಂಡು ಹೋಗುತ್ತೇನೆ. ಅವರು ಕೇಳುವ ಎಷ್ಟೋ ಪ್ರಶ್ನೆಗಳಿಗೆ ಆಪಾ ಮಾತ್ರ ಉತ್ತರ ಕೊಡಬಲ್ಲವರಾಗಿದ್ದರು, ಈಗ ಆಪಾ ಇಲ್ಲ. ನನಗೆ ತಿಳಿದಷ್ಟನ್ನು ನಾನೇ ಹೇಳಬೇಕು. ಹೇಳುತ್ತೇನೆ.