ಯಾರ ಕಡೆಯವರು?

2002ರ ಜುಲೈ. ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಬಿಎಂ ಕೊನೆಯ ವರ್ಷದವರಿಗೆ ನಾನು ಇಂಟರ್‌ನ್ಯಾಷನಲ್ ಬಿಸಿನೆಸ್ ಪಾಠ ಮಾಡುತ್ತಿದ್ದೆ. ಆ ಸೋಮವಾರ ಮನೆ ಬಿಡುವ ಮೊದಲು ಮಾಡಿದ ಕೆಲಸಗಳು ಇವು: ನಲ್ಲಿ ನೀರು ಬಂದಿತ್ತು, ತೊಟ್ಟಿ ತುಂಬಿಸಿದೆ. ದೋಸೆಗೆ ನೆನೆಹಾಕಿದೆ. ಅತ್ತೆಯವರ ಬಿಪಿ ಮಾತ್ರೆ ತೆಗೆದಿಟ್ಟೆ. ಯಜಮಾನರ ಅಂಗಿಗೆ ಗುಂಡಿ ಹೊಲಿದೆ. ಗ್ಯಾಸ್ ಬುಕ್ ಮಾಡುವುದನ್ನು ಮರೆತೆ. ಶೆಟ್ಟಿಹಳ್ಳಿಯಿಂದ ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಅಂದಿನ ಪಾಠವನ್ನು ಮನಸ್ಸಿನಲ್ಲಿ ಒಪ್ಪಿಸಿಕೊಂಡೆ.

ಪಾಠ ಲೆಟರ್ ಆಫ್ ಕ್ರೆಡಿಟ್. ಹಿಂದಿನ ವಾರ ಒಮ್ಮೆ ಮಾಡಿ ಸೋತಿದ್ದೆ. ವಿಷಯ ಕಷ್ಟದ್ದಲ್ಲ. ಸರಕು ಕಳಿಸುವವನು ಒಂದು ದೇಶದಲ್ಲಿ, ಕೊಳ್ಳುವವನು ಇನ್ನೊಂದು ದೇಶದಲ್ಲಿ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಆಗ ಕೊಳ್ಳುವವನ ಬ್ಯಾಂಕು, ‘ಷರತ್ತಿನಂತೆ ಸರಕು ಕಳಿಸಿ ಕಾಗದಪತ್ರ ಒಪ್ಪಿಸಿದರೆ ಹಣಕ್ಕೆ ನಾನು ಜವಾಬ್ದಾರಿ’ ಎಂದು ಬರೆದುಕೊಡುತ್ತದೆ. ದೂರದೇಶದ ಆ ಬ್ಯಾಂಕನ್ನೂ ನಂಬಲಾಗದಿದ್ದರೆ, ಮಾರುವವನ ಊರಿನ ಬ್ಯಾಂಕೊಂದು ತನ್ನ ಮಾತನ್ನೂ ಅದಕ್ಕೆ ಸೇರಿಸುತ್ತದೆ. ಇದು ಕನ್‌ಫರ್ಮಿಂಗ್ ಬ್ಯಾಂಕ್. ಹುಡುಗರು ಇದನ್ನು ಬಾಯಿಪಾಠ ಮಾಡಿದ್ದರು. ಒಂದು ಬ್ಯಾಂಕು ಸಾಲದೇ, ಎರಡೇಕೆ ಎಂದು ಕೇಳಿದರೆ ಎಲ್ಲರೂ ಫ್ಯಾನ್ ನೋಡುತ್ತಿದ್ದರು.

ಗುಬ್ಬಿ, ಕುಣಿಗಲ್ ಕಡೆಯಿಂದ ದಿನಾ ಬಂದುಹೋಗುವವರೇ ಆ ತರಗತಿಯಲ್ಲಿ ಹೆಚ್ಚು. ಅವರ ನಡುವೆ ಒಬ್ಬನೇ ಪರದೇಶಿ, ಆಫ್ರಿಕಾದ ಜಾಂಜಿಬಾರ್ ದ್ವೀಪದ ಸಲೀಮ್. ಎರಡು ವರ್ಷ ಕಾಲೇಜಿನ ಹಾಸ್ಟೆಲಿನಲ್ಲಿದ್ದ. ಹೊಸದಾಗಿ ಸೇರುವವರಿಗೆ ಜಾಗ ಬೇಕಾಗಿದ್ದರಿಂದ ಕೊನೆಯ ವರ್ಷದವರು ಹೊರಗೆ ಕೋಣೆ ನೋಡಿಕೊಳ್ಳಬೇಕೆಂದು ಆ ವರ್ಷ ನೋಟಿಸ್ ಹಾಕಿದ್ದರು. ಬೇರೆಯವರಿಗೆ ಅದು ಬರೀ ತಾಪತ್ರಯ. ಸಲೀಮನಿಗೆ ಹಾಗಲ್ಲ. ಅವನ ವೀಸಾ ಅವಧಿ ಮುಗಿಯುತ್ತಿತ್ತು. ವಿಸ್ತರಿಸಬೇಕಾದರೆ ವಾಸದ ವಿಳಾಸ ತೋರಿಸಬೇಕು. ಮನೆ ಇಲ್ಲದಿದ್ದರೆ ವಿಳಾಸವಿಲ್ಲ, ವಿಳಾಸವಿಲ್ಲದಿದ್ದರೆ ಪರೀಕ್ಷೆ ಬರೆಯದೆ ಊರಿಗೆ ವಾಪಸು.

ಆ ಸೋಮವಾರ ಅವನ ಮುಖ ಅರಳಿತ್ತು.

“ಮ್ಯಾಡಮ್, ಮನೆ ಸಿಕ್ತು. ಬಟವಾಡಿ ಏರಿಯಾದಲ್ಲಿ. ತಿಂಗಳ ಕೊನೆಗೆ ಹಾಸ್ಟೆಲಲ್ಲಿ ನನ್ನ ಮಂಚ ಬೇರೆಯವರಿಗೆ ಕೊಡಿ ಅಂತ ಹೇಳಿಬಿಟ್ಟೆ.”

“ಅಡ್ವಾನ್ಸ್ ಕೊಟ್ಟೆಯಾ?”

“ಇಲ್ಲ. ಗುರುವಾರ ಮನೆ ಓನರ್ ಅಜ್ಜಿ ಹತ್ರ ಕೇಳಿದೆ. ನೋಡೋಣ ಅಂದ್ರು.”

ತರಗತಿ ಗೊಳ್ಳೆಂದಿತು. ಕುಣಿಗಲ್ಲಿನ ಮಂಜುನಾಥ ಡೆಸ್ಕ್ ಬಡಿದುಕೊಂಡು, “ಮುಗೀತು ಕಣೋ ನಿನ್ ಕತೆ! ನೋಡೋಣ ಅಂದ್ರೆ ಇಲ್ಲ ಅಂತ ಕಣೋ!” ಎಂದ.

ಸಲೀಮ್ ನಂಬಲಿಲ್ಲ. ಅವನು ಕನ್ನಡ ಕಲಿತದ್ದು ಹಾಸ್ಟೆಲಿನಲ್ಲಿ. ಅಲ್ಲಿ ‘ಪಿಕ್ಚರ್ ನೋಡೋಣ’ ಎಂದರೆ ಎಲ್ಲರೂ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ನೋಡದೇ ಹೋದ ‘ನೋಡೋಣ’ವನ್ನು ಅವನು ಕಂಡೇ ಇರಲಿಲ್ಲ. ಆಮೇಲೆ ಹುಡುಗರು ಸರದಿಯಂತೆ ತಮ್ಮ ತಮ್ಮ ಮನೆಯ ‘ಇಲ್ಲ’ಗಳನ್ನು ಹೇಳತೊಡಗಿದರು. ‘ಯಜಮಾನ್ರನ್ನ ಕೇಳಿ ಹೇಳ್ತೀನಿ’, ‘ಹಬ್ಬ ಕಳೀಲಿ’, ‘ಹಂಗೇ ಆಗ್ಲಿ ಬುಡಿ’. ಗುಬ್ಬಿಯ ಶಬಾನಾ ಮೆಲ್ಲಗೆ, “ನಮ್ಮನೇಲಿ ಇನ್‌ಶಾ ಅಲ್ಲಾ ಅಂತಾರೆ, ಮ್ಯಾಡಮ್,” ಎಂದಳು. ಆಗ ಸಲೀಮನ ಮುಖ ಇಳಿಯಿತು. ಆ ಮಾತು ಅವರ ಊರಿನಲ್ಲೂ ಇತ್ತು.

ಸಂಜೆ ಅವನ ಜೊತೆ ಬಟವಾಡಿಗೆ ಹೋದೆ. ಮನೆಯೊಡತಿ ಗಂಗಮ್ಮ ಹತ್ತಿರದ ಕೋರ ಎಂಬ ಹಳ್ಳಿಯವರು. ಅಲ್ಲಿ ಅವರಿಗೆ ತೆಂಗು, ರಾಗಿ ಹೊಲ, ಹೊಲದ ಬದುಗಳಲ್ಲಿ ಹುಣಸೆ ಮರಗಳಿದ್ದವು. ಗಂಡ ತೀರಿಕೊಂಡ ಮೇಲೆ ಪಿಯುಸಿ ಓದುವ ಕೊನೆಯ ಮಗಳೊಂದಿಗೆ ಕೆಳಗೆ ವಾಸವಿದ್ದು, ಮಹಡಿಯ ಕೋಣೆ ಬಾಡಿಗೆಗೆ ಕೊಡುತ್ತಿದ್ದರು. ನಮ್ಮನ್ನು ಕಂಡದ್ದೇ ತಲೆಯ ಮೇಲೆ ಕೈ ಇಟ್ಟುಕೊಂಡರು.

“ದಿನಾ ಸಂಜೆ ಬಂದು ಗೇಟ್ ತಾವ ನಿಂತ್ಕೊಂಡು, ‘ಅಜ್ಜಿ, ನೋಡೋಣ’ ಅಂತಾನೆ. ಏನ್ ನೋಡಣ ಟೀಚರಮ್ಮ? ಬೈಯೋಣ ಅಂದ್ರೆ ನಗ್ತಾ ನಿಂತಿರ್ತಾನೆ!”

“ಒಳ್ಳೇ ಹುಡುಗ ಅಮ್ಮ. ಎರಡು ವರ್ಷದಿಂದ ನೋಡ್ತಿದೀನಿ.”

“ಇರ್ಬೋದು. ಯಾರ ಕಡೆಯೋನಪ್ಪಾ ಅಂತ ಕೇಳ್ದೆ. ಅದ್ಯಾವ್ದೋ ಊರಿನ ಹೆಸ್ರು ಹೇಳ್ದ. ಊರು ಯಾರಿಗ್ ಬೇಕು?”

“ನಾನು ಜವಾಬ್ದಾರಿ ತಗೋತೀನಿ.”

ಗಂಗಮ್ಮ ನನಗೆ ನೀರು ತಂದುಕೊಟ್ಟರು, ಕುರ್ಚಿ ಒರೆಸಿದರು. ಆಮೇಲೆ ನೋವಾಗದ ಹಾಗೆ ಹೇಳಿದರು: “ನೀವು ಒಳ್ಳೇರೇ. ಆದ್ರೆ ಟೀಚರಮ್ಮ, ನೀವು ನಂಗೆ ಗೊತ್ತಾಗಿದ್ದೂ ಇವತ್ತೇ ಅಲ್ವಾ? ಮನೇಲಿ ನಾನು, ಮಗಳು ಇಬ್ರೇ ಇರೋದು.”

ಅದರಲ್ಲಿ ತಪ್ಪೇನಿತ್ತು? ನನಗೆ ಮಗಳಿದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಬಸ್ ಸ್ಟಾಪಿನಲ್ಲಿ ಸಲೀಮ್, “ಮ್ಯಾಡಮ್, ಕಡೆ ಅಂದ್ರೆ ಡೈರೆಕ್ಷನ್ ಅಲ್ವಾ?” ಎಂದ. ಬರೀ ಡೈರೆಕ್ಷನ್ ಅಲ್ಲ ಎನ್ನುವಷ್ಟರಲ್ಲಿ ಬಸ್ಸು ಬಂತು.

ಮರುದಿನ ಪುಸ್ತಕ ತೆರೆಯಲಿಲ್ಲ. ಕೋರದ ಗಂಗಮ್ಮನವರು ಯಾರಿಗಾದರೂ ಗೊತ್ತೇ ಎಂದು ತರಗತಿಯನ್ನೇ ಕೇಳಿದೆ.

“ಕುಣಿಗಲ್ ಕಡೆ ಇದ್ರೆ ಹೇಳಿ ಮ್ಯಾಡಮ್, ಅಲ್ಲಿ ನಾಯಿ ನರಿನೂ ನಮ್ಮ ಕಡೆಯೋವೇ,” ಎಂದ ಮಂಜುನಾಥ.

ಶಬಾನಾ ಎದ್ದುನಿಂತಳು. ಅವಳ ತಂದೆ ರಹೀಮ್ ಸಾಬರು ಹುಣಸೆ ವ್ಯಾಪಾರಿ. ಹಣ್ಣಾಗುವ ಮೊದಲೇ ಮರಗಳನ್ನು ಗುತ್ತಿಗೆ ಹಿಡಿದು, ಹಣ್ಣು ಉದುರಿಸಿ, ತುಮಕೂರಿನ ಮಂಡಿಗೆ ಹಾಕುತ್ತಿದ್ದರು. ಗಂಗಮ್ಮನ ಮರಗಳ ಗುತ್ತಿಗೆಯೂ ಅವರದೇ. “ಆದ್ರೆ ಮ್ಯಾಡಮ್, ಅಬ್ಬಾ ಸುಮ್ಸುಮ್ನೆ ಯಾರ ಪರವಾಗಿಯೂ ಮಾತಾಡಲ್ಲ,” ಎಂದು ಕುಳಿತಳು.

ಶನಿವಾರ ಮಧ್ಯಾಹ್ನ ಶಬಾನಾ, ಸಲೀಮ್, ನಾನು ಮೂವರೂ ಗುಬ್ಬಿಗೆ ಹೋದೆವು. ರಹೀಮ್ ಸಾಬರು ಎಲ್ಲವನ್ನೂ ಕೇಳಿಸಿಕೊಂಡು ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು.

“ಮೇಡಮ್ಮೋರೆ, ಆ ಯಮ್ಮ ನನ್ನ ಮಾತಿನ ಮೇಲೆ ಮರ ಬಿಡ್ತಾರೆ. ಇವ್ನೇನಾದ್ರೂ ಎಡವಟ್ಟು ಮಾಡಿದ್ರೆ ಮರ ಹೋದ್ರೆ ಹೋಗ್ಲಿ, ಕೋರದ ರೋಡಲ್ಲಿ ನಾನು ತಲೆ ಎತ್ಕೊಂಡು ಓಡಾಡೋ ಹಂಗಿರಲ್ಲ. ನಾನೂ ಇವನ್ನ ನೋಡ್ತಿರೋದು ಇವತ್ತೇ.”

ನನಗೆ ಆಸೆ ಹೋಯಿತು. ಅವರು ಮಾತ್ರ ಒಳಗೆ ತಿರುಗಿ ಊಟಕ್ಕೆ ಹಾಕಲು ಹೇಳಿದರು. ಊಟ ಮಾಡುವಾಗ ಸಲೀಮನನ್ನು ಏನೂ ಕೇಳಲಿಲ್ಲ, ಸುಮ್ಮನೆ ಗಮನಿಸುತ್ತಿದ್ದರು. ಸಲೀಮ್ ಮೂಲೆಯ ಹುಣಸೆ ಚೀಲ ತೋರಿಸಿ, ತಮ್ಮಲ್ಲಿ ಇದಕ್ಕೆ ‘ಉಕ್ವಾಜು’ ಎನ್ನುತ್ತಾರೆ, ಉಪವಾಸದ ತಿಂಗಳಲ್ಲಿ ಅಮ್ಮ ಪಾನಕ ಮಾಡುತ್ತಾರೆ ಎಂದ. ಶಬಾನಾಳ ತಾಯಿ ಪರದೆಯ ಹಿಂದಿನಿಂದ, “ಸಕ್ರೆನಾ, ಬೆಲ್ಲಾನಾ ಕೇಳೇ,” ಎಂದರು.

ಕೈ ತೊಳೆದ ಮೇಲೆ ಸಾಬರು ಕೇಳಿದರು: “ನೋಡಪ್ಪಾ, ನಾಳೆ ಆ ಯಮ್ಮ ಮನೆ ಖಾಲಿ ಮಾಡು ಅಂದ್ರೆ ಏನ್ ಮಾಡ್ತೀಯ?”

ಸಲೀಮ್ ಗಂಭೀರವಾಗಿ, “ನೋಡೋಣ ಅಂತೀನಿ,” ಎಂದ.

ರಹೀಮ್ ಸಾಬರು ನಕ್ಕರು ನೋಡಿ, ಕೆಮ್ಮು ಹತ್ತಿ ನೀರು ಕುಡಿಯಬೇಕಾಯಿತು. “ಕಲ್ತವ್ನೆ ಕಣಮ್ಮ ಇವ್ನು!” ಎಂದು ಮಗಳಿಗೆ ಹೇಳಿ, ಕಣ್ಣೊರೆಸಿಕೊಂಡು, “ಈಗ ಸರಿಯಾಗಿ ಹೇಳು,” ಎಂದರು.

“ಅವರು ಹೇಳಿದ ದಿನ ಖಾಲಿ ಮಾಡ್ತೀನಿ. ಮಾಡಿ, ನಿಮ್ಮ ಹತ್ರ ಬರ್ತೀನಿ. ಇಲ್ಲಿ ನಂಗೆ ಬೇರೆ ಯಾರಿದಾರೆ?”

“ನಾಳೆ ಆ ಕಡೆ ಹೋಗೋದೈತೆ,” ಎಂದರು ಸಾಬರು.

ಭಾನುವಾರ ಗಂಗಮ್ಮನ ಗೇಟಿನ ಮುಂದೆ ನಾವು ನಾಲ್ವರೂ ನಿಂತಿದ್ದೆವು. ಮಾತು ಚುಟುಕಾಗಿತ್ತು.

“ಏನ್ ಸಾಬ್ರೇ, ನಿಮ್ಮ ಕಡೆಯೋನಾ ಇವ್ನು?”

“ಹೂಂ ಗಂಗಮ್ಮನೋರೆ. ನಮ್ಮ ಕಡೆಯೋನೇ.”

ಗಂಗಮ್ಮ ಸಲೀಮನ ಕಡೆ ತಿರುಗಿ ರೇಗಿದರು. “ಮೊದ್ಲೇ ಹೇಳಕ್ಕೇನ್ಲಾ ಆಗಿತ್ತು ನಿಂಗೆ? ದಿನಾ ಬಂದು ನೋಡೋಣ ನೋಡೋಣ ಅಂತ ನನ್ನ ಪ್ರಾಣ ತಿಂದೆ!”

ಮಾರನೆಯ ದಿನ ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದೆ. ನಾನು ಬಾಯಿ ಬಿಡುವ ಮೊದಲೇ ಹುಡುಗರು ತುಂಬಿಸಿದರು: ಕೊಳ್ಳುವವನು ಸಲೀಮ್, ಅವನ ಬ್ಯಾಂಕು ನಾನು, ಮಾರುವವರು ಗಂಗಮ್ಮ, ಕನ್‌ಫರ್ಮಿಂಗ್ ಬ್ಯಾಂಕು ರಹೀಮ್ ಸಾಬರು. ಎರಡನೇ ಬ್ಯಾಂಕು ಏಕೆ ಬೇಕೆಂದು ಮತ್ತೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

“ಮ್ಯಾಡಮ್, ಆ ಬ್ಯಾಂಕು ಕಮಿಷನ್ ತಗೊಳ್ಳುತ್ತೆ ಅಂದ್ರಲ್ಲ, ಶಬಾನಾ ಅವರ ಅಬ್ಬಾ ಏನ್ ತಗೊಂಡ್ರು?” ಎಂದ ಮಂಜುನಾಥ.

“ನಮ್ಮಮ್ಮಂಗೆ ಪಾನಕ ಮಾಡೋ ರೀತಿ,” ಎಂದಳು ಶಬಾನಾ. “ಬೆಲ್ಲಾನೇ ಅಂತೆ.”

ನಾನು ಒಂದು ಎಚ್ಚರಿಕೆ ಸೇರಿಸಿದೆ. ಬ್ಯಾಂಕು ನೋಡುವುದು ಕಾಗದಪತ್ರ ಮಾತ್ರ, ಮನುಷ್ಯನನ್ನಲ್ಲ; ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ, ಪರೀಕ್ಷೆಯಲ್ಲಿ ಹುಣಸೆ ಮರ ಬರೆಯಬೇಡಿ ಎಂದೆ. ಇಬ್ಬರು ಬರೆದರೆಂದು ಆಮೇಲೆ ತಿಳಿಯಿತು. ಪಾಸಾದರು.

ಸಲೀಮನಿಗೆ ವೀಸಾ ವಿಸ್ತರಣೆ ಸಿಕ್ಕಿತು, ಪರೀಕ್ಷೆ ಬರೆದ. ಅಲ್ಲಿರುವಷ್ಟು ದಿನವೂ ಗಂಗಮ್ಮ ಅವನನ್ನು ಅಕ್ಕಪಕ್ಕದವರಿಗೆ ‘ಗುಬ್ಬಿ ಸಾಬ್ರ ಕಡೆಯೋನು’ ಎಂದೇ ಪರಿಚಯಿಸಿದರು. ಜಾಂಜಿಬಾರ್ ಎಂಬ ಊರಿನ ಹೆಸರು ಬಟವಾಡಿಯ ಆ ಬೀದಿಗೆ ಕೊನೆಗೂ ಬರಲಿಲ್ಲ. ಸಂಸ್ಕೃತಿಗಳ ವ್ಯತ್ಯಾಸದ ಬಗ್ಗೆ ಆವರೆಗೆ ನಾನು ಮಾಡಿದ ಪಾಠವೆಲ್ಲ ಯಾರು ಹೇಗೆ ಕೈ ಕುಲುಕುತ್ತಾರೆ, ಯಾವ ಉಡುಗೊರೆ ಕೊಡಬಾರದು ಎಂಬುದರ ಮೇಲಿತ್ತು. ಅದಾದ ಮೇಲೆ ಪ್ರತಿ ವರ್ಷ ಮೊದಲ ತರಗತಿಯಲ್ಲಿ, ಹೊಸ ಊರಿನಲ್ಲಿ ನಿಮ್ಮ ಪರವಾಗಿ ಯಾರು ಮಾತಾಡುತ್ತಾರೆ, ಅವರು ಅದಕ್ಕೆ ಏನನ್ನು ಪಣಕ್ಕಿಡುತ್ತಾರೆ ಎಂದು ಕೇಳುತ್ತ ಬಂದೆ. ವ್ಯಾಪಾರದ ಮಾತು ಅದರ ನಂತರ.

ಆ ಜುಲೈ ತಿಂಗಳ ಕೊನೆಯ ದಿನವೇ ಸಲೀಮ್ ಆ ಮನೆ ಸೇರಿದ್ದ. ಟ್ರಂಕು, ಹಾಸಿಗೆ ಸುರುಳಿ ಮಹಡಿಗೆ ಏರಿಸಿದ ಮೇಲೆ ಗಂಗಮ್ಮ ಎಲ್ಲರನ್ನೂ ಕೆಳಗೆ ಕೂರಿಸಿ ಬಡಿಸಿದರು. ಬಿಸಿ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ. ತಮ್ಮಲ್ಲೂ ಮುಸುಕಿನ ಜೋಳದ ಹಿಟ್ಟಿನಲ್ಲಿ ಇಂಥದೇ ಮಾಡುತ್ತಾರೆಂದು ಸಲೀಮ್ ಹೆಬ್ಬೆರಳಿನಿಂದ ತುತ್ತು ಅದುಮಿ ಅಗಿಯತೊಡಗಿದ. “ಅಗೀಬ್ಯಾಡ ಕಣ್ಲಾ, ನುಂಗು,” ಎಂದರು ಗಂಗಮ್ಮ. ರಹೀಮ್ ಸಾಬರು ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡರು. ನಾವು ಎಲೆ ಅಡಿಕೆ ಹಾಕಿಕೊಂಡು ಹೊರಡಲು ಎದ್ದರೂ, ಕೋಣೆಗೆ ಬೀಗ ಹಾಕಿ ಬಂದು ನಮ್ಮನ್ನು ಬಸ್ಸಿಗೆ ಬಿಡುತ್ತೇನೆಂದು ಮೇಲೆ ಹೋದ ಸಲೀಮ್ ಬರಲೇ ಇಲ್ಲ. ಶಬಾನಾ ಹೋಗಿ ನೋಡಿ ಬಂದಳು. ಬಿಚ್ಚದ ಹಾಸಿಗೆಗೆ ಒರಗಿ, ಎಲ್ಲರಿಗಿಂತ ಮೊದಲು, ಇನ್ನೂ ಕತ್ತಲಾಗುವ ಮೊದಲೇ ಅವನು ನಿದ್ದೆ ಹೋಗಿದ್ದ.